ಕೆನಡಾಗೆ ಹೊರಟ ಟೇಬಲ್ ಫ್ಯಾನ್

ಅಂಗಡಿಯ ಮೆಟ್ಟಿಲು ಹತ್ತಿ ಬಂದವನ ಎಡಗೆನ್ನೆಯ ಮೇಲೆ ಹುಣಸೆಬೀಜದಂಥ ಒಂದು ಮಚ್ಚೆಯಿತ್ತು. ಜ್ಯೋತಿಲಕ್ಷ್ಮಿ ಮೊದಲು ನೋಡಿದ್ದು ಅದನ್ನೇ. ಬಿಚ್ಚಿಟ್ಟಿದ್ದ ಮಿಕ್ಸಿಯ ಸ್ಕ್ರೂ ಅವಳ ಬೆರಳಿನಿಂದ ಜಾರಿ ಕೌಂಟರಿನ ಮೇಲೆ ಉರುಳಿತು.

ಅವನು ಅದನ್ನು ಅಂಗೈಯಲ್ಲಿ ತಡೆದು ಅವಳ ಮುಂದಿಟ್ಟ.

"ಮಿಕ್ಸಿ ತಂದಿದೀನಿ ಕಣ್ರೀ," ಎಂದು ಹೆಗಲಿನ ಬ್ಯಾಗು ಇಳಿಸಿದ.

"ರಿಪೇರಿಗಾ?"

"ಅಲ್ಲ. ನಾನು ಕೆನಡಾಗೆ ಹೋಗ್ತಾ ಇದೀನಿ. ಇನ್ಮೇಲೆ ಅಲ್ಲೇ. ಏನು ತಗಂಡು ಹೋಗ್ಬೇಕು, ಏನು ಬುಡ್ಬೇಕು, ಒಂದೂ ತಿಳೀತಿಲ್ಲ. ಅಲ್ಲಿ ಕರೆಂಟೇ ಬ್ಯಾರೆಯಂತಲ್ಲ? ನಮ್ ಸಾಮಾನು ನಡೀತದಾ?"

ಮಧುಗಿರಿಯ ಆ ಎಲೆಕ್ಟ್ರಿಕಲ್ ಅಂಗಡಿ ಅವಳ ಸೋದರಮಾವ ರಾಮಾಂಜನೇಯನದು. ಮಾವ ಒಳಕೋಣೆಯಲ್ಲಿ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಕೌಂಟರಿನಲ್ಲಿ ಅವಳೊಬ್ಬಳೇ.

ಉತ್ತರ ಅವಳಿಗೆ ಗೊತ್ತಿತ್ತು. ಕೊರಟಗೆರೆಯ ಒಬ್ಬಾಕೆ ಅಲ್ಲಿರುವ ಮಗಳ ಮನೆಗೆ ಮಿಕ್ಸಿ ಹೊತ್ತುಕೊಂಡು ಹೋಗಿ, ಅದು ಅಲ್ಲಿ ತಿರುಗಲಾರದೆ ನರಳಿತೆಂದು ಬಂದು ಗೋಳು ಹೇಳಿಕೊಂಡಿದ್ದಳು. ಅಲ್ಲಿನ ಕರೆಂಟು ನಮ್ಮದರ ಅರ್ಧ. ನಮ್ಮ ಮಿಕ್ಸಿ ಅಲ್ಲಿ ಬರೀ ಭಾರ.

ಜ್ಯೋತಿ ತಲೆಯೆತ್ತಿದಳು. ಯಾರ ಮುಖವನ್ನೂ ನೇರವಾಗಿ ನೋಡಿ ಮಾತಾಡದ ಹುಡುಗಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ನಡೀತದೆ ಸಾರ್. ಚೆನ್ನಾಗಿ ನಡೀತದೆ. ಮೂರು ಜಾರೂ ತಗಂಡು ಹೋಗಿ."

"ಮೂರೂನಾ?"

"ಚಟ್ನಿ ಜಾರು ಮರೀಬ್ಯಾಡಿ."

ಅವನು ತಲೆಯಾಡಿಸಿ ಬ್ಯಾಗನ್ನು ಮತ್ತೆ ಹೆಗಲಿಗೇರಿಸಿದ. ಇಳಿದು ಹೋಗುವಾಗ ಒಮ್ಮೆ ತಿರುಗಿ ನೋಡಿದ. ಅವಳನ್ನು ಗುರುತು ಹಿಡಿದವನಂತೆ ಕಾಣಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅವಳಂತೂ ಅವನನ್ನು ಮರೆತಿರಲಿಲ್ಲ.

ಎರಡು ವರ್ಷದ ಹಿಂದೆ ಅವನು ಐ.ಡಿ.ಹಳ್ಳಿಯ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದ. ಪಾವಗಡದ ಕಡೆ ತಿರುಮಣಿಯವನು, ಹೆಸರು ನರಸಿಂಹರಾಜು, ಸೋಲಾರ್ ಪಾರ್ಕಿನಲ್ಲಿ ಕೆಲಸ. ಸಂಬಂಧ ತಂದವಳು ಬಡವನಹಳ್ಳಿಯ ಜಯಕ್ಕ. ಜ್ಯೋತಿ ಅಡುಗೆಮನೆಯ ಕಿಟಕಿಯ ಸರಳಿನ ಹಿಂದೆ ನಿಂತು, ಯಾರಿಗೂ ಕಾಣದಂತೆ, ಅವನನ್ನು ಬೇಕಾದಷ್ಟು ನೋಡಿದ್ದಳು. ಮಾತಿಗೆ ಮೊದಲು ಅವನು ಕೆಳತುಟಿ ಒಳಗೆಳೆದುಕೊಳ್ಳುವುದನ್ನು, ನಕ್ಕಾಗ ಆ ಮಚ್ಚೆ ಒಂದಿಷ್ಟು ಮೇಲಕ್ಕೆ ಸರಿಯುವುದನ್ನು. ಆಮೇಲೆ ನೆಲ ನೋಡುತ್ತ ಕಾಫಿ ತಂದಾಗ ಲೋಟ ತೆಗೆದುಕೊಂಡು ಅವಳಿಗಷ್ಟೇ ಕೇಳುವಂತೆ ಅಂದಿದ್ದ: "ಸಕ್ಕರೆ ಹಾಕೋದು ಮರ್ತಿದೀರಿ. ಪರವಾಗಿಲ್ಲ, ಕುಡೀತೀನಿ."

ಆ ಒಂದು ಮಾತನ್ನು ಅವಳು ಎಷ್ಟು ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ್ದಳೋ.

ಆ ಕಡೆ ಮದುವೆಯ ಮಾತು ಮುಗಿಯುವುದು ಮನೆದೇವರ ಮುಂದೆ. ಪೂಜಾರಿ ವಿಗ್ರಹಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದು ಸಂಜೆ ಜಯಕ್ಕ ಬಂದು ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ದನಿಯಲ್ಲಿ ಹೇಳಿದಳು: "ಎಡಕ್ಕೆ ಬಿತ್ತಂತೆ ಕಣಮ್ಮ. ದೇವ್ರೇ ಬ್ಯಾಡ ಅಂದ್ಮೇಲೆ ನಾವೇನು ಮಾಡಾಕಾಯ್ತದೆ ಬುಡು."

ಜ್ಯೋತಿ ನಂಬಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹುಡುಗಿ ಅವನಿಗೆ ಬೇಡವಾಗಿದ್ದಳು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ದೇವರ ಹಿಂದೆ ಬಚ್ಚಿಟ್ಟುಕೊಂಡಿದ್ದ. ಹಾಗೆಂದೇ ಅವಳು ತಿಳಿದಳು.

ಬೇಡ ಎಂದು ಹೋದವರು ಲೋಕದಲ್ಲಿ ಬೇಕಾದಷ್ಟು ಜನ. ಅದನ್ನು ಮರೆಯಬಹುದಿತ್ತು. ಆದರೆ ಜಯಕ್ಕನ ಮಾತು ಊರಿಂದೂರಿಗೆ ಹೋಯಿತು. ಸಿರಾ ಕಡೆಯಿಂದ ಬಂದ ಒಂದು ಸಂಬಂಧ ಬಾಗಿಲಿನಿಂದಲೇ ತಿರುಗಿತು. ಇನ್ನೊಬ್ಬರು ಕೂತು ಉಪ್ಪಿಟ್ಟು ತಿಂದು ಕೈ ತೊಳೆಯುವಾಗ ಕೇಳಿದರು: "ದೇವ್ರು ಬ್ಯಾಡ ಅಂದ ಹುಡ್ಗಿ ಅಂದ್ರೆ ಇವಳೇನಾ?" ನೀರಿಗೆ ಹೋದರೂ ಅದೇ ಹೆಸರು, ಮದುವೆಮನೆಯಲ್ಲಿ ಅರಿಶಿನ ಹಚ್ಚಲು ಮುಂದಾದರೂ ಅದೇ ಹೆಸರು. ಕೊನೆಗೆ ಮಾವ ಬಂದು, "ನಮ್ ಅಂಗಡಿಗೆ ಬಾರಮ್ಮ, ಸ್ಕ್ರೂಡ್ರೈವರ್‌ಗೆ ಅದೆಲ್ಲ ಗೊತ್ತಾಗಲ್ಲ," ಎಂದು ಮಧುಗಿರಿಗೆ ಕರೆತಂದಿದ್ದ.

ಈಗ ಆ ಹೆಸರು ತಂದುಕೊಟ್ಟವನು ಸೂಟ್‌ಕೇಸು ತುಂಬಿಕೊಂಡು ಹೊರಟಿದ್ದಾನೆ. ಹೋಗಲಿ. ಆದರೆ ಅಲ್ಲಿ ಹಿಮದಲ್ಲಿ ಕೂತು ಒಂದೊಂದು ಸಾಮಾನನ್ನೂ ಪ್ಲಗ್ಗಿಗೆ ಹಾಕಿ, ಒಂದೂ ನಡೆಯದೆ, ಚಟ್ನಿಗೂ ಗತಿಯಿಲ್ಲದೆ ಅಳಲಿ.

ಮುಂದಿನ ವಾರ ಅವನು ಇಸ್ತ್ರಿಪೆಟ್ಟಿಗೆ, ಕೆಟಲ್ ಹಿಡಿದುಕೊಂಡು ಬಂದ.

"ಇವು?"

"ತಗಂಡು ಹೋಗಿ. ಇವಿಲ್ದೆ ಹೆಂಗಿರ್ತೀರಿ?"

"ನಂಗೂ ಹಂಗೇ ಅನ್ನಿಸ್ತು. ಲ್ಯಾಪ್‌ಟಾಪ್?"

ಲ್ಯಾಪ್‌ಟಾಪಿನ ಚಾರ್ಜರು ಎಲ್ಲ ದೇಶದ ಕರೆಂಟಿಗೂ ಒಗ್ಗುವಂಥದ್ದು. ಅದರ ಬೆನ್ನ ಮೇಲೇ ಬರೆದಿರುತ್ತದೆ.

"ಅದು ಮಾತ್ರ ಬ್ಯಾಡ," ಎಂದಳು ಜ್ಯೋತಿ. "ಸುಟ್ಟೋಯ್ತದೆ."

"ಅಯ್ಯೋ! ಫೋನ್ ಚಾರ್ಜರ್?"

"ಅದೂ."

"ಒಳ್ಳೇದಾಯ್ತು ನಿಮ್ಮನ್ನ ಕೇಳಿದ್ದು." ಅವನು ಕೆಳತುಟಿಯನ್ನು ಒಳಗೆಳೆದುಕೊಂಡ. ನಗು ತಡೆದಂತಿತ್ತು. ಬೀದಿಯ ಕಡೆ ಮುಖ ತಿರುಗಿಸಿದಾಗ ಎಡಗೆನ್ನೆಯ ಮಚ್ಚೆ ಅವಳೆದುರಿಗೇ ಬಂತು. ಅವಳು ಅದನ್ನು ದ್ವೇಷದಿಂದ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಲ್ಲಿ ಸೆಕೆ ಇರ್ತದಾ?" ಎಂದು ಅವನು ಸಡನ್ನಾಗಿ ಕೇಳಿದ.

"ಎಲ್ಲಿ?"

"ಕೆನಡಾದಲ್ಲಿ."

ಅವಳ ಎದೆಯೊಳಗೆ ಏನೋ ಒಂದು ಕುಣಿಯಿತು. "ಬೇಸಿಗೇಲಿ ತಡ್ಯಾಕಾಗಲ್ವಂತೆ. ಟೇಬಲ್ ಫ್ಯಾನ್ ಇದ್ರೆ ತಗಂಡು ಹೋಗಿ."

"ಇಲ್ವಲ್ಲ."

"ಇಲ್ಲಿ ಐತೆ."

ಅವನು ಫ್ಯಾನು ಕೊಂಡ. ರಟ್ಟಿನ ಡಬ್ಬಿಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಜ್ಯೋತಿ ಕೌಂಟರಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿರಲಿಲ್ಲ.

ಅದರಲ್ಲೊಂದು ತೊಂದರೆ ಶುರುವಾಯಿತು. ಅವನು ಬರದ ದಿನ ಸಂಜೆ ಉದ್ದವಾಗತೊಡಗಿತು. ಪಾವಗಡದ ಬಸ್ಸಿನ ಹಾರ್ನು ಕೇಳಿದರೆ ಕೈ ನಿಲ್ಲುತ್ತಿತ್ತು. ಸೇಡಿಗೆ ಕಾಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಕೊನೆಯ ಸಲ ಅವನು ತಂದದ್ದು ಎರಡು ಫೋನು, ಒಂದು ಹೊಸದು, ಒಂದು ಹಳೆಯದು.

"ಹಳೇದ್ರಲ್ಲಿರೋ ಫೋಟೋ, ನಂಬರು ಎಲ್ಲಾ ಹೊಸದಕ್ಕೆ ಹಾಕ್ಕೊಡ್ತೀರಾ? ಹಳೇದು ಅಮ್ಮನಿಗೆ ಬುಟ್ಟು ಹೋಗ್ತೀನಿ. ನಾಳೆ ಬರ್ತೀನಿ." ಮೆಟ್ಟಿಲಿನ ಹತ್ತಿರ ತಿರುಗಿ ಕೇಳಿದ, "ಇನ್ನೇನಾದ್ರೂ ತಗಂಡು ಹೋಗ್ಬೇಕಿತ್ತಾ? ಯೋಚ್ನೆ ಮಾಡಿ."

"ಟ್ಯೂಬ್‌ಲೈಟು," ಎಂದಳು. ಅವನು ಹೋದ.

ಮಧ್ಯಾಹ್ನ ಕರೆಂಟು ಹೋಯಿತು. ಬೀದಿ ಬಿಸಿಲಿಗೆ ಬೆಳ್ಳಗೆ ಬೆಂದು ಮಲಗಿತ್ತು. ಜ್ಯೋತಿ ಹಳೆಯ ಫೋನು ಕೈಗೆತ್ತಿಕೊಂಡಳು. ಬೇರೆಯವರ ಫೋಟೋ ನೋಡುವುದು ತಪ್ಪೆಂದು ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದ. ಆದರೆ ಇವತ್ತು ಅವಳಿಗೆ ತಪ್ಪೇ ಬೇಕಿತ್ತು. ಯಾರನ್ನು ಒಪ್ಪಿಕೊಂಡಿದ್ದಾನೋ ಅವಳ ಮುಖವನ್ನೊಮ್ಮೆ ನೋಡಿ, ಒಂದೊಂದಾಗಿ ಅಳಿಸಿ ಹಾಕಬೇಕೆಂದು ಗ್ಯಾಲರಿ ತೆರೆದಳು.

ಹುಡುಗಿಯರಿರಲಿಲ್ಲ. ಸಾಲುಸಾಲು ಸೋಲಾರ್ ಪ್ಯಾನೆಲ್ಲು, ಒಂದು ಕರು, ಅಮ್ಮನ ಬ್ಯಾಂಡೇಜು ಕಟ್ಟಿದ ಕಾಲು. ಅದರ ಪಕ್ಕದಲ್ಲಿ ಒಂದು ವಿಡಿಯೋ.

ಗುಡ್ಡದ ಮೇಲಿನ ತಿಮ್ಮಪ್ಪನ ಗುಡಿ. ಫೋನನ್ನು ಎದುರಿನ ಕಂಬಿಗೆ ಒರಗಿಸಿ, ಸೆಲ್ಫಿ ಕಡೆಯ ಕ್ಯಾಮೆರಾದಲ್ಲಿ ತೆಗೆದದ್ದು. ಮುಂದೆ ಅವನು, ಹೆಗಲ ಹಿಂದೆ ದೇವರು, ದೇವರ ಎರಡು ಭುಜದಲ್ಲೂ ಹೂ.

"ಅಮ್ಮಾ, ನೋಡ್ಕೋ," ಎಂದ ವಿಡಿಯೋದ ಅವನು. "ಕಾಲು ಮುರ್ಕಂಡು ಮನೇಲಿ ಕೂತಿದ್ರೂ ನನ್ ಮ್ಯಾಲೆ ನಂಬ್ಕೆ ಇಲ್ಲ ನಿಂಗೆ. ಹುಡ್ಗಿ ಮ್ಯಾಲೆ ಮನಸಾಗಿ ನೀನೇ ಬಲಕ್ಕೆ ಬಿತ್ತು ಅಂತ ಸುಳ್ಳು ಹೇಳ್ತೀಯ ಅಂದ್ಯಲ್ಲ, ಇಗೋ, ಕೈ ಮುಗ್ದು ನಿಂತಿದೀನಿ. ದೇವ್ರೂ ಕಾಣ್ತಾನೆ, ನಾನೂ ಕಾಣ್ತೀನಿ."

ಆಮೇಲೆ ಕಣ್ಣು ಮುಚ್ಚಿದ. ಗಂಟೆಯ ಸದ್ದಿನ ನಡುವೆ ಅವನ ಪಿಸುಮಾತು ಕೇಳಿಸಿತು: "ತಿಮ್ಮಪ್ಪಾ, ನಂಗೆ ಸಕ್ಕರೆ ಇಲ್ಲದ ಕಾಫಿನೇ ಸಾಕು. ಆ ಹುಡ್ಗೀನೇ ಕೊಡು."

ಹಿಂದೆ ಹೂ ಬಿತ್ತು. ದೇವರ ಎಡಗಡೆಗೆ.

ಅವನು ಕಣ್ಣು ಬಿಟ್ಟು ತಿರುಗುವಷ್ಟರಲ್ಲಿ ಪೂಜಾರಪ್ಪ ಭುಜದ ಮೇಲೆ ಉಳಿದ ಹೂವನ್ನೂ ತೆಗೆದು, ಕೆಳಗಿನ ಹೂಗಳನ್ನೆಲ್ಲ ತಟ್ಟೆಗೆ ಬಳಿದುಕೊಂಡು ಇನ್ನೊಬ್ಬರ ಕಡೆ ಹೋಗಿದ್ದರು. ಅವನು ಫೋನು ಕೈಗೆತ್ತಿಕೊಂಡ. ವಿಡಿಯೋ ಅಲ್ಲಿಗೆ ನಿಂತಿತು.

ಅವನು ಸುಳ್ಳು ಹೇಳಿರಲಿಲ್ಲ. ಎರಡು ವರ್ಷ ಊದಿ ಊದಿ ಕಾಪಾಡಿದ ಕೆಂಡವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಗಾದರೆ ದೇವರೇ ಬೇಡ ಎಂದದ್ದು ನಿಜವೇ? ಸಿಟ್ಟನ್ನೆಲ್ಲ ಆ ತಿಮ್ಮಪ್ಪನ ಮೇಲೆ ತಿರುಗಿಸಿ ವಿಡಿಯೋವನ್ನು ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಪ್ರತಿಸಲವೂ ಅವನ ಮುಖದಲ್ಲಿ ಏನೋ ಒಂದು ಕಸಿವಿಸಿ ಮಾಡುತ್ತಿತ್ತು, ಅನ್ನದಲ್ಲಿ ಸಿಕ್ಕ ಕಲ್ಲಿನಂತೆ.

ಮಚ್ಚೆ ಬಲಗೆನ್ನೆಯಲ್ಲಿತ್ತು.

ಕಿಟಕಿಯ ಸರಳಿನ ಹಿಂದೆ ನಿಂತು ನೋಡಿದ ಮಚ್ಚೆ. ಈ ಕೌಂಟರಿನ ಆಚೆ, ಬೀದಿ ನೋಡುವ ನೆಪದಲ್ಲಿ ಅವಳೆದುರಿಗೆ ಬರುತ್ತಿದ್ದ ಮಚ್ಚೆ. ಅದು ಎಡಗೆನ್ನೆಯದು. ತನ್ನ ಹೆಸರು ಬೇಕಾದರೆ ಮರೆತಾಳು, ಅದನ್ನು ಮರೆಯುವುದಿಲ್ಲ.

ಅದೇ ಫೋನಿನಿಂದ ತನ್ನದೊಂದು ಸೆಲ್ಫಿ ತೆಗೆದುಕೊಂಡಳು. ಎಡಗಡೆಯ ಮೂಗುಬೊಟ್ಟು ಚಿತ್ರದಲ್ಲಿ ಬಲಗಡೆ ಹೊಳೆಯುತ್ತಿತ್ತು.

ಈ ಫೋನು ಸೆಲ್ಫಿಯನ್ನು ಕನ್ನಡಿಯಂತೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಗುಡಿಯಲ್ಲಿ ಹೂ ಬಿದ್ದದ್ದು ಬಲಕ್ಕೆ. ದೇವರು ಕೊಟ್ಟಿದ್ದ. ಕೊಟ್ಟದ್ದನ್ನು ಈ ಅಂಗೈಯಗಲದ ಡಬ್ಬಿ ಕಸಿದುಕೊಂಡಿತ್ತು.

ಲೋಕದಲ್ಲಿ ಇದು ಗೊತ್ತಿರುವವಳು ಅವಳೊಬ್ಬಳೇ. ಸುಮ್ಮನಿದ್ದರೆ ಸಾಕು. ಅವನು ಹಾರಿಹೋಗುತ್ತಾನೆ, ಕೈಗೆ ಬಂದದ್ದು ಏನೆಂದು ಸಾಯುವವರೆಗೂ ತಿಳಿಯುವುದಿಲ್ಲ. ಟೇಬಲ್ ಫ್ಯಾನಿಗಿಂತ ಎಷ್ಟೋ ದೊಡ್ಡ ಸೇಡು. ಅವಳು ಅದರ ರುಚಿ ನೋಡಿದಳು. ಆದರೆ ಸುಮ್ಮನಿದ್ದರೆ ಆ ಹೆಸರೂ ಅವಳ ಮೈಮೇಲೇ ಉಳಿಯುತ್ತಿತ್ತು, ಅವನೂ ಉಳಿಯುತ್ತಿರಲಿಲ್ಲ.

ಒಳಗಿನಿಂದ ಮಾವ ಕೈ ಒರೆಸಿಕೊಳ್ಳುತ್ತ ಬಂದ. "ಆ ತಿರುಮಣಿ ಹುಡ್ಗ ಏನಮ್ಮ, ವಾರವಾರ ಬರ್ತಾನೆ?"

"ಕೆನಡಾಗೆ ಏನು ತಗಂಡು ಹೋಗ್ಬೇಕು ಅಂತ ಕೇಳಾಕೆ. ಮಿಕ್ಸಿ ನಡೀತದಾ, ಕೆಟಲ್ ನಡೀತದಾ ಅಂತ."

ಮಾವ ಗಟ್ಟಿಯಾಗಿ ನಕ್ಕ. "ಅವ್ನು ಕೇಳ್ತಾನಾ? ಸೋಲಾರಿನ ಇನ್ವರ್ಟರ್ ರೂಮಿನಲ್ಲಿ ಎಲೆಕ್ಟ್ರಿಷಿಯನ್ ಕಣಮ್ಮ ಅವ್ನು. ಹೋಗ್ತಿರೋದೂ ಅದೇ ಕೆಲ್ಸಕ್ಕೆ. ಅವ್ನಿಗೆ ಗೊತ್ತಿಲ್ದೇ ಇರೋ ವೋಲ್ಟು ನಿಂಗೆ ಗೊತ್ತಾ?"

ಮರುದಿನ ಅವನು ಬಂದಾಗ ಜ್ಯೋತಿ ಎದ್ದು ನಿಂತೇ ಇದ್ದಳು.

"ಕೆನಡಾದಲ್ಲಿ ಎಷ್ಟು ವೋಲ್ಟು ಸಾರ್?"

ಅವನ ಕೆಳತುಟಿ ಒಳಗೆ ಹೋಯಿತು. "ನೂರಾ ಇಪ್ಪತ್ತು."

"ನಮ್ ಮಿಕ್ಸಿ?"

"ಇನ್ನೂರಾ ಮೂವತ್ತು. ಅಲ್ಲಿ ಹಾಕಿದ್ರೆ ನರಳ್ತದೆ."

"ಎಲ್ಲಾ ಗೊತ್ತಿದ್ದು ಯಾಕೆ ಹೊತ್ಕಂಡು ಹೋದ್ರಿ? ನನ್ನನ್ನ ಆಟ ಆಡಿಸಾಕಾ?"

"ಅಲ್ಲ ಜ್ಯೋತಿ." ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳ ಕಿವಿ ಬಿಸಿಯಾಯಿತು. "ಹೋಗೋ ಮುಂಚೆ ಒಂದ್ಸಲ ನೋಡ್ಬೇಕು ಅಂತ ಐ.ಡಿ.ಹಳ್ಳಿಗೆ ಹೋಗಿದ್ದೆ. ಇಲ್ಲಿದೀರಿ ಅಂದ್ರು. ಒಂದೇ ಸಲ ಅಂದ್ಕಂಡೇ ಬಂದೆ. ನೀವು ಮುಖ ಎತ್ತಿ ನೋಡಿ ಸುಳ್ಳು ಹೇಳಿದ್ರಿ. ಅವತ್ತು ಮನೇಲಿ ನೆಲ ಬುಟ್ಟು ಏನೂ ನೋಡ್ಲಿಲ್ಲ ನೀವು. ಸುಳ್ಳು ಹೇಳೋವಾಗ ಮಾತ್ರ ನನ್ ಕಣ್ಣು ನೋಡ್ತೀರಿ ಅಂತ ಗೊತ್ತಾಯ್ತು. ಅದ್ಕೇ ಬರ್ತಾ ಇದ್ದೆ. ಇನ್ನೊಂದು ಸುಳ್ಳು ಹೇಳ್ಲಿ ಅಂತ."

"ಫ್ಯಾನು?"

"ಅಟ್ಟದ ಮ್ಯಾಲೈತೆ. ಅಮ್ಮ ನಂಗೆ ತಲೆ ಕೆಟ್ಟೈತೆ ಅಂತಾಳೆ."

ನಗು ಬಂತು. ಅದರ ಹಿಂದೆಯೇ ಎರಡು ವರ್ಷದ್ದೆಲ್ಲ ಬಂತು. ಅವಳು ನಗಲಿಲ್ಲ.

"ನನ್ನ ಏನಂತ ಕರೀತಾರೆ ಗೊತ್ತಾ ಊರಲ್ಲಿ? ದೇವ್ರು ಬ್ಯಾಡ ಅಂದ ಹುಡ್ಗಿ ಅಂತ. ನೀವು ಹೇಳಿ ಕಳ್ಸಿದ್ದು ಒಂದು ಮಾತು. ನಾನು ಅದನ್ನ ಹೊತ್ಕಂಡು ತಿರುಗಿದೀನಿ. ಒಂದ್ಸಲ ಬಂದು ನೀವೇ ಹೇಳ್ಬೌದಿತ್ತಲ್ಲ?"

ಅವನ ಮುಖ ಫಿಲಮೆಂಟು ಹೋದ ಬಲ್ಬಿನಂತೆ ಆರಿತು. "ಹಂಗಂತಾರೆ ಅಂತ ಗೊತ್ತಿರ್ಲಿಲ್ಲ."

"ನಿಮ್ಗೆ ಗೊತ್ತಾಗ್ಬೇಕಾಗಿದ್ದು ಇನ್ನೂ ಐತೆ." ಅವಳು ಹಳೆಯ ಫೋನನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. "ಭಾನುವಾರ ನಿಮ್ಮ ಅಮ್ಮನ್ನ ಕರ್ಕಂಡು ಬನ್ನಿ. ಜಯಕ್ಕನ್ನೂ. ಅವತ್ತೇ ಫೋನು ಕೊಡೋದು."

"ಯಾಕೆ ಅಂತ ಹೇಳಲ್ವಾ?"

"ಹೇಳಲ್ಲ. ನೀವೂ ಒಂದಷ್ಟು ದಿನ ನಿದ್ದೆ ಕೆಡಿ."

ಭಾನುವಾರ ಅಂಗಡಿಯ ಅರ್ಧ ಶಟರ್ ಎಳೆದಿತ್ತು. ಅವನ ಅಮ್ಮ ಅಶ್ವತ್ಥಮ್ಮ ಮಗನ ತೋಳು ಹಿಡಿದು ಕುಂಟುತ್ತ ಬಂದು ಸ್ಟೂಲಿನ ಮೇಲೆ ಕೂತಳು. ಜಯಕ್ಕ ನಿಂತೇ ಇದ್ದಳು. "ಏನಮ್ಮ ಇದು, ಪಂಚಾಯ್ತಿ ತರ ಕರೆಸಿದೀಯ? ಮುಗ್ದೋದ ಮಾತು ಯಾಕೀಗ?"

ಜ್ಯೋತಿ ಅವಳ ಕಡೆ ನೋಡಲಿಲ್ಲ. ವಿಡಿಯೋ ಹಾಕಿ ಫೋನನ್ನು ಅಶ್ವತ್ಥಮ್ಮನ ಕೈಗಿಟ್ಟಳು. 'ಆ ಹುಡ್ಗೀನೇ ಕೊಡು' ಎಂಬ ಮಾತು ಬಂದಾಗ ನರಸಿಂಹರಾಜು ಗೋಡೆಯ ಕಡೆ ಮುಖ ಮಾಡಿದ. ಮಾವ ಕೆಮ್ಮಿದ.

"ಹೂ ಯಾವ ಕಡೆ ಬಿತ್ತು ಅಮ್ಮಾ?"

"ಎಡಕ್ಕೇ ಅಲ್ವೇನಮ್ಮ. ಎಷ್ಟು ಸಲ ನೋಡಿ ಅತ್ತಿದೀನಿ."

"ಮಗನ ಮಚ್ಚೆ ಯಾವ ಕಡೆ ಐತೆ?"

"ಎಡಗೆನ್ನೇಲಿ. ಹುಟ್ಟಿದಾಗಿಂದ."

"ಫೋನಿನಲ್ಲಿ?"

ಅಶ್ವತ್ಥಮ್ಮ ಬಗ್ಗಿ ನೋಡಿದಳು. ಮಗನ ಗಲ್ಲ ಹಿಡಿದು ತಿರುಗಿಸಿ ನೋಡಿದಳು. ಮತ್ತೆ ಫೋನು. ಅವಳ ಬಾಯಿ ತೆರೆದೇ ಉಳಿಯಿತು.

ಜ್ಯೋತಿ ವಿಡಿಯೋ ಮತ್ತೆ ಹಾಕಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಕನ್ನಡಿಯನ್ನು ತಂದು ಫೋನಿನ ಎದುರು ಹಿಡಿದಳು. "ಈ ಫೋನು ಎಲ್ಲಾನೂ ತಿರುಗಿಸಿ ಇಟ್ಕಂತದೆ. ಈಗ ಕನ್ನಡಿ ಒಳಗೆ ನೋಡಿ."

ಕನ್ನಡಿಯೊಳಗೆ ಮಚ್ಚೆ ತನ್ನ ಜಾಗಕ್ಕೆ ಬಂದಿತ್ತು. ಅವನ ಹಿಂದೆ ಹೂ, ನಿಧಾನವಾಗಿ, ದೇವರ ಬಲಭುಜದಿಂದ ಕಳಚಿ ಬಿತ್ತು.

"ಅಯ್ಯೋ ದೇವುಡಾ!" ಅಶ್ವತ್ಥಮ್ಮ ಸೆರಗು ಬಾಯಿಗೊತ್ತಿದಳು. "ನನ್ ಮಗನ ಬಾಳು ನಾನೇ ಕೆಡಿಸ್ದೆನಾ? ನನ್ ಕಣ್ಣೆಲ್ಲಾ ಹೂವಿನ ಮ್ಯಾಲಿತ್ತು, ಮಗನ ಮುಖಾನೇ ನೋಡ್ಲಿಲ್ವಲ್ಲಪ್ಪಾ!"

ನರಸಿಂಹರಾಜು ಕನ್ನಡಿಯನ್ನೇ ನೋಡುತ್ತ ನಿಂತಿದ್ದ. "ನಾನೂ ನೋಡಿದ್ದೆ. ಗಡ್ಡ ತೆಗೆಯೋವಾಗ ದಿನಾ ಕಾಣೋ ಮುಖಾನೇ ಇತ್ತು, ನಂಗೆ ಸರಿಯಾಗೇ ಕಂಡ್ತು. ನಿಮಗೆ... ನಿಮಗೆ ಹೆಂಗೆ ಗೊತ್ತಾಯ್ತು?"

ಜ್ಯೋತಿ ನೆಲ ನೋಡಿದಳು.

"ನೀವು ನಿಮ್ಮನ್ನ ಕನ್ನಡೀಲಿ ನೋಡಿದೀರಿ," ಎಂದಳು. "ನಾನು ನಿಮ್ಮನ್ನೇ ನೋಡಿದೀನಿ."

ಅವಳು ನೆಲ ನೋಡಿಯೇ ಹೇಳಿದಳೆಂಬುದನ್ನು ಅವನು ಗಮನಿಸಿದ. ಅವನ ಕಣ್ಣು ತುಂಬಿತು.

ಜಯಕ್ಕ ಮೆಲ್ಲಗೆ ಶಟರಿನ ಕಡೆ ಸರಿಯುತ್ತಿದ್ದಳು.

"ನಿಂತ್ಕೊಳ್ಳಿ ಜಯಕ್ಕ," ಎಂದಳು ಜ್ಯೋತಿ. ಅಷ್ಟು ಗಟ್ಟಿ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ದೇವ್ರು ಬ್ಯಾಡ ಅಂದ ಅಂತ ಯಾರ್ಯಾರ ಮನೆ ಜಗಲಿ ಮ್ಯಾಲೆ ಕೂತು ಹೇಳಿದ್ರೋ, ಅದೇ ಜಗಲಿ ಮ್ಯಾಲೆ ಕೂತು, ಅದೇ ದನೀಲಿ, ದೇವ್ರು ಕೊಟ್ಟಿದ್ದ ಅಂತ ಹೇಳಿ ಬನ್ನಿ. ಐ.ಡಿ.ಹಳ್ಳಿ, ಬಡವನಹಳ್ಳಿ, ಸಿರಾ. ಒಂದು ಮನೇನೂ ಬುಡ್ಬ್ಯಾಡಿ."

"ಬಿಸಿಲಲ್ಲಿ ಅಷ್ಟೂರು ತಿರುಗ್ಲಾ?"

"ಆವಾಗ ತಿರುಗೋವಾಗ ಬಿಸಿಲಿರ್ಲಿಲ್ವಾ?" ಎಂದ ಮಾವ, ಶಟರು ಎತ್ತಿ ದಾರಿ ಬಿಟ್ಟು.

ಅಶ್ವತ್ಥಮ್ಮ ಜ್ಯೋತಿಯ ಕೈ ಹಿಡಿದಳು. "ನಾಳೆನೇ ವೀಳ್ಯ ಇಟ್ಕೊಳ್ಳಾಣ ತಾಯಿ. ತಿಮ್ಮಪ್ಪ ಕೊಟ್ಟಿದ್ದನ್ನ ಇನ್ನೊಂದು ದಿನ ತಡಿಯಾಕಾಗಲ್ಲ."

"ತಿಮ್ಮಪ್ಪ ಹೂಂ ಅಂದ ಅಮ್ಮಾ. ನಾನಿನ್ನೂ ಅಂದಿಲ್ಲ."

ನರಸಿಂಹರಾಜು ಮುಂದೆ ಬಂದು ಕೌಂಟರಿನ ಮೇಲೆ ಎರಡೂ ಕೈಯಿಟ್ಟ. "ನನ್ ತಪ್ಪೈತೆ. ದೇವ್ರ ಹಿಂದೆ, ಅಮ್ಮನ ಹಿಂದೆ, ಜಯಕ್ಕನ ಹಿಂದೆ ನಿಂತೆ. ನಾನೇ ಬಂದು ಹೇಳ್ಲಿಲ್ಲ. ಏನು ಶಿಕ್ಷೆ ಕೊಡ್ತೀರೋ ಕೊಡಿ. ಆಮೇಲೆ ಹೂಂ ಅನ್ನಿ."

"ಸೂಟ್‌ಕೇಸು ತಗಂಡು ಬನ್ನಿ," ಎಂದಳು ಅವಳು.

ವೀಳ್ಯ ಐ.ಡಿ.ಹಳ್ಳಿಯ ಅದೇ ಮನೆಯಲ್ಲಿ, ಬೀದಿಯವರನ್ನೆಲ್ಲ ಕರೆದು ಆಯಿತು. ಮದುವೆ ಅವನು ಮುಂದಿನ ವರ್ಷ ರಜೆಗೆ ಬಂದಾಗ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವನ ಸೂಟ್‌ಕೇಸು ಅಂಗಡಿಯ ನಡುವೆ ಬಾಯಿ ತೆರೆದು ಮಲಗಿತ್ತು. ಜ್ಯೋತಿ ತಾನು ಹಾಕಿಸಿದ್ದನ್ನೆಲ್ಲ ತಾನೇ ತೆಗೆದಳು. ಮಿಕ್ಸಿ, ಚಟ್ನಿ ಜಾರು, ಇಸ್ತ್ರಿಪೆಟ್ಟಿಗೆ, ಕೆಟಲ್. ಫ್ಯಾನನ್ನು ಅಶ್ವತ್ಥಮ್ಮ ಈಗಾಗಲೇ ತನ್ನ ಮಂಚದ ಪಕ್ಕಕ್ಕೆ ಇಳಿಸಿಕೊಂಡಿದ್ದಳು. ಬೇಡವೆಂದು ಬಿಡಿಸಿದ್ದ ಲ್ಯಾಪ್‌ಟಾಪು, ಚಾರ್ಜರು, ಅವನ ಟೆಸ್ಟರು, ಸ್ವೆಟರು ಒಳಗೆ ಹೋದವು. ಹೊಸ ಫೋನಿನ ಸೆಟ್ಟಿಂಗಿಗೆ ಹೋಗಿ, ಸೆಲ್ಫಿ ತಿರುಗಿಸುವ ಬಟನ್ನನ್ನು ಹುಡುಕಿ ಆಫ್ ಮಾಡಿದಳು.

"ಇನ್ನೂ ಜಾಗ ಐತೆ," ಎಂದ ಅವನು.

"ಗೊತ್ತು. ನಾನೇ ಉಳಿಸಿದ್ದು."

ಕೌಂಟರಿನ ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಿ ತಂದದ್ದು ಒಂದು ಕಲ್ಲಿನ ಕುಟ್ಟಾಣಿ. ಅವಳ ಅಜ್ಜಿಯ ಕಾಲದ್ದು, ಒಳಗೆಲ್ಲ ನುಣುಪಾಗಿ ಸವೆದದ್ದು. ಸೂಟ್‌ಕೇಸಿನ ನಡುವೆ ಇಟ್ಟಾಗ ನೆಲ ಸಣ್ಣಗೆ ಅದುರಿತು.

"ಇದಾ!" ಅವನು ಕಣ್ಣಗಲಿಸಿದ. "ಇದ್ರ ತೂಕಕ್ಕೆ ನನ್ ಅರ್ಧ ಬಟ್ಟೆ ಇಲ್ಲೇ ಉಳೀತವೆ ಕಣೇ."

"ಉಳೀಲಿ. ಇದಕ್ಕೆ ಯಾವ ವೋಲ್ಟೂ ಬ್ಯಾಡ, ಎಲ್ಲಿದ್ರೂ ನಡೀತದೆ." ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ಎರಡು ವರ್ಷ ನಾನು ಹೊತ್ತಿದೀನಿ. ನಾನು ಅಲ್ಲಿಗೆ ಬರೋವರ್ಗೂ ನೀವು ಹೊರಿ. ದಿನಾ ಇದ್ರಲ್ಲೇ ಚಟ್ನಿ ಕುಟ್ಬೇಕು. ಬ್ಯಾಡ ಅನ್ನಿಸಿದ್ರೆ ಈಗ್ಲೇ ಹೇಳಿ."

ಅವನು ಎರಡು ಪ್ಯಾಂಟು, ಒಂದು ಕೋಟು ತೆಗೆದು ಪಕ್ಕಕ್ಕಿಟ್ಟ. ಕುಟ್ಟಾಣಿಯ ಸುತ್ತ ಸ್ವೆಟರನ್ನು ಸುತ್ತಿದ, ಎಳೆಮಗುವಿಗೆ ಸುತ್ತುವ ಹಾಗೆ. ಜಿಪ್ಪು ಎಳೆಯುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಕಣ್ಣು ನೋಡ್ಕಂಡು ಮಾತಾಡಿದ್ಯಲ್ಲ," ಎಂದ ಅವನು ಮೆಲ್ಲಗೆ. "ಇದು ಸುಳ್ಳಾ?"

"ಅಭ್ಯಾಸ ಆಯ್ತು," ಎಂದಳು.

ಮರುದಿನ ಸಂಜೆ ಏರ್‌ಪೋರ್ಟಿನಿಂದ ವಿಡಿಯೋ ಕಾಲ್ ಬಂತು. ಜ್ಯೋತಿ ಸ್ಕ್ರೂಡ್ರೈವರ್ ಕೆಳಗಿಟ್ಟು ಮೊದಲು ಅವನ ಎಡಗೆನ್ನೆ ನೋಡಿದಳು. ಮಚ್ಚೆ ಇರಬೇಕಾದಲ್ಲೇ ಇತ್ತು.

"ಬ್ಯಾಗು ಹಿಡ್ಕಂಡ್ಬುಟ್ರು ಕಣೇ," ಎಂದ. "ಮೆಷಿನ್ನಿನಲ್ಲಿ ಕರ್ರಗೆ ಗುಂಡಗೆ ಕಾಣಿಸ್ತಂತೆ. ಬಿಚ್ಚು ಅಂದ್ರು. ಸ್ವೆಟರು ಬಿಚ್ಚಿದ್ರೆ ಕಲ್ಲು! ಆಫೀಸರು ಎರಡು ಕೈಯಲ್ಲೂ ಎತ್ತಿ, ಇದೇನ್ರೀ ಇದು ಅಂತ ಕೇಳಿದ್ರು."

"ಏನಂದ್ರಿ?"

"ನಮ್ ಹುಡ್ಗಿ ಸಿಟ್ಟು ಸಾರ್, ನಾಜೂಕಾಗಿ ಇಳಿಸಿ ಅಂದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ. ಕೌಂಟರಿನ ಕೆಳಗೆ ಕೂರಲೂ ಇಲ್ಲ. ಬೀದಿಗೆ ಕೇಳುವಂತೆ ನಕ್ಕಳು.

"ಸಿಟ್ಟು ಇಳೀತಾ ಜ್ಯೋತಿ?"

"ಇನ್ನೂ ಇಲ್ಲ," ಎಂದಳು ಅವಳು, ನೆಲ ನೋಡಿ ಅಲ್ಲ, ಅವನನ್ನೇ ನೋಡಿ. "ಅಲ್ಲಿಗೆ ಬಂದು ಚಟ್ನಿ ರುಚಿ ನೋಡಿ ಹೇಳ್ತೀನಿ."